ಅರೇಯ ಸಂಖ್ಯಾ ಮಾದರಿ ಬದಲಿಸಿದಾಗ 2050 ಏಕೆ 2 ಆಗುತ್ತದೆ?

ಪ್ರಶ್ನೆ: ಪಾವಗಡ ಸೌರ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟ್, ವಿಸ್ತೀರ್ಣ ಸುಮಾರು 13,000 ಎಕರೆ. ಕಾಲೇಜಿನ ಪ್ರಾಜೆಕ್ಟ್‌ಗಾಗಿ ಈ ಅಂಕಿಗಳನ್ನು ಪೈಥಾನ್‌ನ ನಂಪೈ ಲೈಬ್ರರಿಯ ಅರೇಯಲ್ಲಿ (ಒಂದೇ ಮಾದರಿಯ ಸಂಖ್ಯೆಗಳ ಪಟ್ಟಿಯಲ್ಲಿ) ಇಟ್ಟು, ಮೆಮೊರಿ ಉಳಿಯಲೆಂದು ಮಾದರಿ ಬದಲಿಸುವ ‘ಆಸ್‌ಟೈಪ್’ ಬಳಸಿ 64 ಬಿಟ್‌ಗಳ ಪೂರ್ಣಾಂಕ ಮಾದರಿ ‘ಇಂಟ್64’ರಿಂದ ‘ಯುಇಂಟ್8’ಕ್ಕೆ ಬದಲಿಸಿದೆ. ಈಗ ಅವು 2 ಮತ್ತು 200 ಆಗಿವೆ, ಎರರ್ ಮಾತ್ರ ಬರಲಿಲ್ಲ. ಏಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ‘ಯುಇಂಟ್8’ ಮಾದರಿಯ ಪ್ರತಿಯೊಂದು ಸಂಖ್ಯೆಗೂ ಎಂಟು ಬಿಟ್‌ಗಳಷ್ಟೇ (0 ಅಥವಾ 1 ಎಂಬ ದ್ವಿಮಾನ ಅಂಕಿಗಳಷ್ಟೇ) ಜಾಗವಿರುವುದರಿಂದ ಅದರಲ್ಲಿ 0ಯಿಂದ 255ರವರೆಗಿನ ಪೂರ್ಣಾಂಕಗಳು ಮಾತ್ರ ಹಿಡಿಸುತ್ತವೆ. 2050ನ್ನು ದ್ವಿಮಾನದಲ್ಲಿ ಬರೆದರೆ 100000000010 ಎಂಬ ಹನ್ನೆರಡು ಅಂಕಿಗಳಾಗುತ್ತವೆ. ಬಲಗಡೆಯ ಎಂಟನ್ನು ಉಳಿಸಿಕೊಂಡು ಎಡಗಡೆಯ ನಾಲ್ಕನ್ನು ಬಿಟ್ಟರೆ ಉಳಿಯುವುದು 00000010, ಅಂದರೆ 2. ಬೇರೆ ಮಾತಿನಲ್ಲಿ ಹೇಳುವುದಾದರೆ, 256ರಿಂದ ಭಾಗಿಸಿದಾಗ ಬರುವ ಶೇಷವೇ ನಿಮ್ಮ ಕೈಗೆ ಸಿಗುತ್ತದೆ. 13,000ಕ್ಕೆ ಆ ಶೇಷ 200. ಮೆಗಾವಾಟ್ ಕಾಲಮಿನಲ್ಲಿ 2 ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ, ಆದರೆ ಎಕರೆ ಕಾಲಮಿನ 200 ನಂಬುವಂತೆಯೇ ಇರುವುದರಿಂದ ನಿಜವಾದ ಅಪಾಯವಿರುವುದು ಅದರಲ್ಲಿ.

ಎರರ್ ಬಾರದಿರಲು ಕಾರಣ, ‘ಆಸ್‌ಟೈಪ್’ನ ಎಂಥ ಪರಿವರ್ತನೆಗೆ ಅವಕಾಶವಿದೆ ಎಂದು ನಿರ್ಧರಿಸುವ ‘ಕಾಸ್ಟಿಂಗ್’ ಆಯ್ಕೆ ಪೂರ್ವನಿಯೋಜಿತವಾಗಿ ‘ಅನ್‌ಸೇಫ್’ ಆಗಿರುವುದು. ಅದನ್ನು ‘ಸೇಫ್’ ಎಂದು ಬದಲಿಸಿದರೆ ಈ ಪರಿವರ್ತನೆ ಟೈಪ್‌ಎರರ್ ಕೊಟ್ಟು ನಿಲ್ಲುತ್ತದೆ. ಆದರೆ ‘ಸೇಫ್’ ನೋಡುವುದು ಮಾದರಿಗಳನ್ನೇ ಹೊರತು ಅರೇಯೊಳಗಿನ ಬೆಲೆಗಳನ್ನಲ್ಲ. ಅರೇಯಲ್ಲಿ ಬರೀ 5 ಇದ್ದರೂ ಅದು ತಡೆಯುತ್ತದೆ. ಆದ್ದರಿಂದ ಅರೇಯ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ಹೊಸ ಮಾದರಿಗೆ ‘ಐಇನ್ಫೋ’ ತೋರಿಸುವ ಮಿತಿಗಳೊಂದಿಗೆ ಮೊದಲೇ ಹೋಲಿಸಿ ನೋಡುವುದೇ ಸರಿಯಾದ ಕ್ರಮವೆಂದು ನಾನು ದೃಢವಾಗಿ ಹೇಳುತ್ತೇನೆ. ನಿಮ್ಮ ಅಂಕಿಗಳಿಗೆ 65,535ರವರೆಗೆ ಹಿಡಿಸುವ ‘ಯುಇಂಟ್16’ ಸಾಕು. ‘ಇಂಟ್64’ಕ್ಕೆ ಹೋಲಿಸಿದರೆ ಆಗಲೂ ಮೆಮೊರಿ ಕಾಲು ಭಾಗಕ್ಕೆ ಇಳಿಯುತ್ತದೆ. ‘ಕ್ಲಿಪ್’ ಬಳಸಿ 255 ಮೀರಿದ್ದೆಲ್ಲವನ್ನೂ 255ಕ್ಕೆ ಕಟ್ಟಿಹಾಕುವುದು ಚಿತ್ರಗಳ ಪಿಕ್ಸೆಲ್‌ಗಳಿಗೆ ಒಪ್ಪಬಹುದು, ಅಳತೆಯ ದಾಖಲೆಗಳಿಗೆ ಒಪ್ಪುವುದಿಲ್ಲ.

ದಶಮಾಂಶ ಸಂಖ್ಯೆಗಳ ಅರೇಯನ್ನು ಪೂರ್ಣಾಂಕಕ್ಕೆ ಬದಲಿಸುವಾಗ ಬೇರೊಂದು ತೊಂದರೆ ಎದುರಾಗುತ್ತದೆ. ಅಲ್ಲಿ ‘ಆಸ್‌ಟೈಪ್’ ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸದೆ ಭಿನ್ನಭಾಗವನ್ನು ಕತ್ತರಿಸಿಬಿಡುತ್ತದೆ: 31.9 ಇದ್ದದ್ದು 31, -3.7 ಇದ್ದದ್ದು -3. ಯೂನಿಟ್ ದರ 4.35 ರೂಪಾಯಿ ಎಂದಿಟ್ಟುಕೊಂಡು ಪೈಸೆಗೆ ತರಲು 100ರಿಂದ ಗುಣಿಸಿದರೆ, 4.35ನ್ನು ದ್ವಿಮಾನದಲ್ಲಿ ನಿಖರವಾಗಿ ಬರೆಯಲಾಗದ ಕಾರಣ ಕಂಪ್ಯೂಟರಿನಲ್ಲಿ ಬರುವ ಉತ್ತರ 435ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುತ್ತದೆ, ಕತ್ತರಿಸಿದಾಗ ಅದು 434 ಆಗುತ್ತದೆ. ಮೊದಲು ಹತ್ತಿರದ ಪೂರ್ಣಾಂಕಕ್ಕೆ ತರುವ ‘ರಿಂಟ್’ ಹಾಕಿ ಆಮೇಲೆ ‘ಆಸ್‌ಟೈಪ್’ ಮಾಡಿದರೆ 435 ಸಿಗುತ್ತದೆ.

ಪೂರ್ಣಾಂಕದಿಂದ ದಶಮಾಂಶಕ್ಕೆ ಹೋಗುವಾಗಲೂ ನಷ್ಟವಾಗಬಹುದು. 32 ಬಿಟ್‌ಗಳ ದಶಮಾಂಶ ಮಾದರಿ ‘ಫ್ಲೋಟ್32’ರಲ್ಲಿ 1,67,77,217 ಎಂಬ ಸಂಖ್ಯೆ 1,67,77,216 ಆಗಿಬಿಡುತ್ತದೆ.

ಮೀಟರ್ ಓದದ ದಿನಗಳ ಖಾಲಿ ಜಾಗದಲ್ಲಿ ‘ನ್ಯಾನ್’ (‘ಸಂಖ್ಯೆಯಲ್ಲ’ ಎಂಬ ಗುರುತು) ಇದ್ದರೆ, ಪೂರ್ಣಾಂಕ ಮಾದರಿಗಳಲ್ಲಿ ಅದಕ್ಕೆ ಸ್ಥಾನವೇ ಇಲ್ಲದಿರುವುದರಿಂದ ಅರ್ಥವಿಲ್ಲದ ಸಂಖ್ಯೆಯೊಂದು ಅಲ್ಲಿ ಬಂದು ಕೂರುತ್ತದೆ. ಅಂಥ ಸಾಲುಗಳನ್ನು ‘ಈಸ್‌ನ್ಯಾನ್’ನಿಂದ ಗುರುತಿಸಿ, ಪರಿವರ್ತನೆಗೆ ಮುಂಚೆಯೇ ಬೇರ್ಪಡಿಸಿಕೊಳ್ಳಿ.