ಕನ್ನಡಕ್ಕೆ ಪಂಚಮಿ ಎಲ್ಲಿಂದ ಬಂತು?

‘ಮರದಿಂದ ಹಣ್ಣು ಬಿತ್ತು.’ ಇದು ಯಾವ ವಿಭಕ್ತಿ? ಅರ್ಥ ನೋಡಿದರೆ ಅಗಲಿಕೆ, ಹಾಗಾಗಿ ಪಂಚಮಿ. ಪ್ರತ್ಯಯ ನೋಡಿದರೆ ‘ಇಂದ’, ಹಾಗಾಗಿ ತೃತೀಯಾ. ಶಾಲಾ ವ್ಯಾಕರಣ ಇದನ್ನು ಬಗೆಹರಿಸುವ ರೀತಿ ವಿಚಿತ್ರ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂಬುದನ್ನು ಮೂಲರೂಪವೆಂದು ಇಟ್ಟುಕೊಂಡು, ನಾವೆಲ್ಲ ಆಡುವ ಮಾತಿಗೆ ‘ವಿಭಕ್ತಿ ಪಲ್ಲಟ’ ಎಂದು ಹೆಸರಿಡುತ್ತದೆ. ಯಾರೂ ಆಡದ್ದು ನಿಯಮವಾಯಿತು, ಎಲ್ಲರೂ ಆಡುವುದು ಪಲ್ಲಟವಾಯಿತು!

ಇದರ ಬೇರು ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟಿನಲ್ಲಿದೆ. ಅಲ್ಲಿ ಪಂಚಮಿಯನ್ನು ಬೇರೆಯಾಗಿ ಎಣಿಸಲು ಕಾರಣವಿತ್ತು: ‘ರಾಮಾತ್’ ಎಂಬ ರೂಪ ಬೇರಾವ ವಿಭಕ್ತಿಯಲ್ಲೂ ಬರುವುದಿಲ್ಲ. ಹಾಗೆಂದು ಅಲ್ಲೂ ಅದರ ನೆಲೆ ಅಷ್ಟೇನೂ ಗಟ್ಟಿಯಲ್ಲ; ಬಹುವಚನದ ‘ರಾಮೇಭ್ಯಃ’ ಚತುರ್ಥಿಗೂ ಪಂಚಮಿಗೂ ಒಂದೇ.

ಹಳೆಯ ವೈಯಾಕರಣರು ಈ ಚೌಕಟ್ಟನ್ನೇ ಕನ್ನಡಕ್ಕೆ ತಂದರು. ನಾಗವರ್ಮನೂ 1604ರ ಭಟ್ಟಾಕಳಂಕನೂ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲೇ ಬರೆದವರು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲೇ ಬರೆದ, ಆದರೆ ಏಳರ ಲೆಕ್ಕ ಬಿಡಲಿಲ್ಲ. ಅವನು ಹೇಳುವ ಪ್ರತ್ಯಯಗಳು ಮ್, ಅಂ, ಇಂ, ಗೆ, ಅತ್ತಣಿಂ, ಅ, ಒಳ್. ಐದನೆಯದನ್ನು ಬಿಡಿಸಿ ನೋಡಿ: ಅತ್ತಣ + ಇಂ, ಅಂದರೆ ‘ಆ ಕಡೆಯ’ ಎಂಬ ಪದಕ್ಕೆ ಮೂರನೆಯ ಪ್ರತ್ಯಯ ಹತ್ತಿದೆ. ಇಂದಿನ ‘ದೆಸೆಯಿಂದ’ದ ಒಳಗೂ ಅದೇ ‘ಇಂದ’. ‘ನಿನ್ನ ದೆಸೆಯಿಂದ ಕೆಲಸ ಕೆಟ್ಟಿತು’ ಎನ್ನುವಾಗ ಆ ಪದಕ್ಕೆ ಜೀವವಿದೆ, ಆದರೆ ಅಲ್ಲಿರುವುದು ಕಾರಣದ ಅರ್ಥ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪಟ್ಟುಹಿಡಿದದ್ದು ಇಂಥ ಎರವಲು ಚೌಕಟ್ಟುಗಳನ್ನು ಕಂಡೇ.

ಪ್ರಥಮೆಯ ‘ಉ’ ಕೂಡ ಅನುಮಾನದ್ದೇ. ‘ಹುಡುಗನು ಬಂದನು’ ಎಂದರೂ ‘ಹುಡುಗ ಬಂದ’ ಎಂದರೂ ಕರ್ತೃ ಅವನೇ. ದ್ವಿತೀಯೆಯನ್ನು ಬಿಡುವುದಕ್ಕೆ ಮಾತ್ರ ಮಿತಿಯಿದೆ: ‘ಪುಸ್ತಕ ಓದಿದೆ’ ನಡೆಯುತ್ತದೆ, ‘ಹುಡುಗ ಕರೆದೆ’ ನಡೆಯುವುದಿಲ್ಲ, ‘ಹುಡುಗನನ್ನು’ ಎನ್ನಲೇಬೇಕು.

ಪ್ರತ್ಯಯಗಳ ಎಣಿಕೆಯಲ್ಲೇ ಮುಳುಗಿದ ವ್ಯಾಕರಣ ಅವು ಹತ್ತುವ ಪ್ರಕೃತಿಯ, ಅಂದರೆ ಮೂಲಪದದ, ಕಡೆ ಸಾಕಷ್ಟು ನೋಡಲಿಲ್ಲ. ನಿಜವಾದ ತಪ್ಪುಗಳು ಆಗುವುದು ಅಲ್ಲೇ. ಚತುರ್ಥಿಯನ್ನು ತೆಗೆದುಕೊಳ್ಳಿ. ಇ, ಎ ಕೊನೆಯಾದರೆ ಬರೀ ‘ಗೆ’: ನದಿಗೆ, ಮನೆಗೆ. ಅಕಾರಾಂತ ನಪುಂಸಕವಾದರೆ ‘ಕ್ಕೆ’: ಮರಕ್ಕೆ. ಅದೇ ಅಕಾರಾಂತ ಮನುಷ್ಯವಾಚಕವಾದರೆ ನಡುವೆ ‘ನ’ಕಾರ: ಹುಡುಗನಿಗೆ, ಅಕ್ಕನಿಗೆ. ಉಕಾರಾಂತದಲ್ಲಿ ಎರಡು ಬಗೆ. ಹಳಗನ್ನಡದ ‘ಊರ್’ಗೆ ಆಮೇಲೆ ಸೇರಿಕೊಂಡ ‘ಉ’ ಬಿದ್ದುಹೋಗಿ ‘ಊರಿಗೆ’ ಆಗುತ್ತದೆ. ಗುರು, ಮಗು ಪದಗಳ ‘ಉ’ ಉಳಿದು ‘ಗುರುವಿಗೆ’, ‘ಮಗುವಿಗೆ’ ಆಗುತ್ತದೆ. ಇದು, ಯಾವುದು, ಹತ್ತು ಇವಕ್ಕೆ ಷಷ್ಠಿ, ತೃತೀಯಾ, ಸಪ್ತಮಿಗಳಲ್ಲಿ ‘ಅರ್’ ಬರುತ್ತದೆ: ಇದರ, ಯಾವುದರಿಂದ, ಹತ್ತರಲ್ಲಿ. ದ್ವಿತೀಯಾ, ಚತುರ್ಥಿಗಳಲ್ಲಿ ಅದು ಮಾಯ: ಇದನ್ನು, ಇದಕ್ಕೆ.

ಸರ್ವನಾಮಗಳಲ್ಲಿ ಪ್ರಕೃತಿಯ ಸ್ವರವೇ ಗಿಡ್ಡವಾಗುತ್ತದೆ: ನಾನು–ನನ್ನ, ನೀನು–ನಿನ್ನ, ನಾವು–ನಮ್ಮ. ‘ನನಗೆ’ಯಲ್ಲಿ ಒತ್ತಕ್ಷರವೂ ಇಲ್ಲ, ‘ನನ್ನ’ಕ್ಕೆ ನೇರವಾಗಿ ‘ಗೆ’ ಅಂಟಿಸಿದರೆ ಕೆಟ್ಟಿತು. ವಿಶೇಷಣಗಳ ಕಾಟವೇ ಇಲ್ಲ. ಸಂಸ್ಕೃತದಲ್ಲಿ ವಿಶೇಷಣ ವಿಶೇಷ್ಯದ ಲಿಂಗ, ವಚನ, ವಿಭಕ್ತಿ ಮೂರನ್ನೂ ಹೊರಬೇಕು. ಕನ್ನಡದ ‘ದೊಡ್ಡ’ ಪದ ದೊಡ್ಡ ಮನೆ, ದೊಡ್ಡ ಮನೆಗೆ, ದೊಡ್ಡ ಮನೆಗಳಿಂದ ಎಲ್ಲೆಡೆ ಇದ್ದಂತೆಯೇ ಇರುತ್ತದೆ. ನಾಮಪದದ ಜಾಗಕ್ಕೆ ಬಂದಾಗ ಮಾತ್ರ ದೊಡ್ಡದಕ್ಕೆ, ದೊಡ್ಡವನಿಗೆ.

ಈಗ ಈ ತೊಡಕು ಕಂಪ್ಯೂಟರಿಗೂ ಬಂದಿದೆ. ಸಿದ್ಧವಾಕ್ಯದ ಖಾಲಿ ಜಾಗದಲ್ಲಿ ಹೆಸರು ತುಂಬಿ ಮುಂದೆ ‘ಗೆ’ ಹಚ್ಚುವ ತಂತ್ರಾಂಶದಲ್ಲಿ ‘ರವಿಗೆ’ ಸರಿಬರುತ್ತದೆ, ‘ರಾಮಗೆ’, ‘ಶಿವಮೊಗ್ಗಗೆ’, ‘ಬೆಂಗಳೂರುಗೆ’ ಕಿವಿಗೆ ಚುಚ್ಚುತ್ತವೆ. ಹೆಸರನ್ನು ಮುಟ್ಟದೆ ಪ್ರತ್ಯಯವನ್ನು ಮುಂದಿನ ಪದಕ್ಕೆ ದಾಟಿಸುವುದು ಸುಲಭದ ದಾರಿ: ‘ರಾಮ ಅವರಿಗೆ’, ‘ಶಿವಮೊಗ್ಗ ನಗರಕ್ಕೆ’. ಪ್ರಯಾಣದ ಚೀಟಿಯಲ್ಲಾದರೆ ‘ಹೊರಡುವ ಸ್ಥಳ: ಬೆಂಗಳೂರು’ ಎಂದು ಬರೆದರಾಯಿತು, ಅಲ್ಲಿ ಪಂಚಮಿಯ ಗೊಡವೆಯೂ ಇರುವುದಿಲ್ಲ.