ಕೊಟ್ಟವರೇ ಕಿತ್ತುಕೊಂಡರೆ?

ಓದುಗರ ಪ್ರಶ್ನೆ: ಹಕ್ಕು ಬರುವುದು ಕಾನೂನಿನಿಂದ, ಕಾನೂನು ಮಾಡುವುದು ಸರ್ಕಾರ. ಹಾಗಾದರೆ ಕೊಟ್ಟ ಸರ್ಕಾರವೇ ಹಕ್ಕನ್ನು ವಾಪಸ್ ತೆಗೆದುಕೊಂಡರೆ ನಾವು ಯಾವ ಬಾಯಲ್ಲಿ ಬೇಡ ಅನ್ನುವುದು?

ಉತ್ತರ: ಸಹಜ ಹಕ್ಕಿನ ವಾದ ಶುರುವಾಗುವುದೇ ಇಲ್ಲಿಂದ. ಸರ್ಕಾರ ಕೊಟ್ಟಿತು ಅನ್ನುವ ಮಾತನ್ನೇ ಅದು ಒಪ್ಪುವುದಿಲ್ಲ. 17ನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಲೆಕ್ಕ ಹೀಗಿದೆ: ಜೀವ, ಸ್ವಾತಂತ್ರ್ಯ, ದುಡಿದು ಗಳಿಸಿದ ಆಸ್ತಿ, ಇವು ಸರ್ಕಾರ ಹುಟ್ಟುವ ಮುಂಚೆಯೇ ಮನುಷ್ಯನವು. ಇವನ್ನು ಕಾಯಲಿ ಅಂತಲೇ ಜನ ಸೇರಿ ಸರ್ಕಾರ ಕಟ್ಟಿಕೊಂಡರು. ಬೇಲಿ ಹಾಕಿದ್ದು ಹೊಲಕ್ಕೆ, ಬೇಲಿಯಿಂದ ಹೊಲ ಹುಟ್ಟಲಿಲ್ಲ ಅಲ್ವಾ?

ಹಾಗಂತ ಸರ್ಕಾರ ಕಟ್ಟುನಿಟ್ಟಾಗಿರಬಾರದು ಅಂತಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಲಾಕ್ ಕೊಡುವ ಉದಾಹರಣೆ ನೋಡಿ. ಯುದ್ಧದಲ್ಲಿ ಸಾರ್ಜೆಂಟ್ 'ಫಿರಂಗಿ ಬಾಯಿಗೆ ನಡಿ' ಅಂದರೆ ಸಿಪಾಯಿ ನಡೆಯಲೇಬೇಕು, ಸತ್ತರೂ ಸರಿ. ಆದರೆ ಅದೇ ಸಾರ್ಜೆಂಟ್ ಅವನ ಜೇಬಿನಿಂದ ಒಂದು ಪೆನ್ನಿಯನ್ನೂ ಕೇಳುವಂತಿಲ್ಲ. ಮೊದಲ ಆಜ್ಞೆ ಕಠೋರ, ಆದರೆ ಸೈನ್ಯ ಇರುವುದೇ ಅದಕ್ಕೆ. ಎರಡನೆಯದು ಸಣ್ಣದು, ಆದರೆ ಬರೀ ಅವನ ಮರ್ಜಿ. ಬೇಡ ಅನ್ನಬೇಕಾದ್ದು ಈ ಮರ್ಜಿಗೆ.

ಬೇಡ ಅಂದವನೊಬ್ಬನ ಕಥೆ ಇದೆ. 1762ರ ನವೆಂಬರ್‌ನಲ್ಲಿ ಬರಹಗಾರ ಜಾನ್ ಎಂಟಿಕ್ ಮನೆಗೆ ಇಂಗ್ಲೆಂಡ್ ರಾಜನ ಆಳುಗಳು ನುಗ್ಗಿದರು. ಸರ್ಕಾರವನ್ನು ಟೀಕಿಸುವ ಪತ್ರಿಕೆಗೆ ಬರೆಯುತ್ತಾನೆ ಅನ್ನುವುದು ಆರೋಪ. ನಾಲ್ಕು ಗಂಟೆ ಹೊತ್ತು ಬೀಗ ಒಡೆದು, ಪೆಟ್ಟಿಗೆ ತಡಕಾಡಿ, ಕಾಗದಪತ್ರ ಹೊತ್ತೊಯ್ದರು. ಕೈಯಲ್ಲಿ ಮಂತ್ರಿಯ ವಾರಂಟ್ ಇತ್ತು. ಎಂಟಿಕ್ ಆ ಆಳುಗಳ ಮೇಲೆಯೇ ಕೇಸು ಹಾಕಿದ. 1765ರಲ್ಲಿ ನ್ಯಾಯಾಧೀಶ ಕ್ಯಾಮ್ಡನ್ ನೋಡಿದ್ದು ಇಷ್ಟೇ: ಇಂಥ ವಾರಂಟ್ ಕೊಡಲು ಮಂತ್ರಿಗೆ ಯಾವ ಕಾನೂನು ಹೇಳಿದೆ? ಇದ್ದಿದ್ದರೆ ಪುಸ್ತಕದಲ್ಲಿ ಇರಬೇಕಿತ್ತು. ಅಲ್ಲಿಲ್ಲ ಅಂದಮೇಲೆ ಅದು ಕಾನೂನೇ ಅಲ್ಲ. ಎಂಟಿಕ್ ಗೆದ್ದ, ಪರಿಹಾರ 300 ಪೌಂಡ್.

ಹೀಗೆ ಕೋರ್ಟಿನ ಬಾಗಿಲು ತೆರೆದಿರುವಾಗ ಬಡಿಗೆ ಹಿಡಿಯುವಂತಿಲ್ಲ ಅನ್ನುತ್ತಾನೆ ಲಾಕ್. ಸಣ್ಣಪುಟ್ಟ ತಪ್ಪಿಗೆಲ್ಲ ಜನ ಏಳುವುದೂ ಇಲ್ಲ. ಒಂದರ ಹಿಂದೆ ಒಂದು ದೌರ್ಜನ್ಯ ನಡೆದು, ಆಳುವವರ ಉದ್ದೇಶವೇ ಇದು ಅಂತ ಕಣ್ಣಿಗೆ ಕಾಣಬೇಕು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಹೆಚ್ಚುಕಡಿಮೆ ಇದೇ ಮಾತು ಹೇಳಿ, ರಾಜನ ತಪ್ಪುಗಳ ಉದ್ದ ಪಟ್ಟಿ ಮುಂದಿಟ್ಟಿತು. (ಎಲ್ಲರೂ ಸಮಾನ ಅಂತ ಅದಕ್ಕೆ ಸಹಿ ಹಾಕಿದ ಹಲವರ ಮನೆಯಲ್ಲಿ ಗುಲಾಮರಿದ್ದರು. ಗುಲಾಮರ ವ್ಯಾಪಾರದ ಕಂಪನಿಯಲ್ಲಿ ಲಾಕ್ ಕೂಡ ದುಡ್ಡು ಹಾಕಿದ್ದ. ಇದನ್ನು ಮರೆತು ಇವರನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ.)

ಹಾಗೆ ಜನ ಎದ್ದಾಗ ದಂಗೆಕೋರ ಯಾರು? ಕಾನೂನು ಮುರಿದು ಬಲ ಬಳಸಿದ ದೊರೆಯೇ ಅನ್ನುತ್ತಾನೆ ಲಾಕ್. ಇದನ್ನೆಲ್ಲ ಬರೆದ ಪುಸ್ತಕ 1689ರಲ್ಲಿ ಹೊರಬಂದಾಗ ಅದರ ಮೇಲೆ ಅವನ ಹೆಸರಿರಲಿಲ್ಲ. ಸುಮ್ನೆ ಅಲ್ಲ. 1683ರಲ್ಲಿ ಆಲ್ಜರ್ನನ್ ಸಿಡ್ನಿ ಎಂಬಾತನ ಬಳಿ ಇಂಥದೇ ವಾದದ ಹಸ್ತಪ್ರತಿ ಸಿಕ್ಕಿತ್ತು. ಇನ್ನೂ ಅಚ್ಚಾಗಿರಲಿಲ್ಲ. ಅದನ್ನೇ ಸಾಕ್ಷಿ ಮಾಡಿಕೊಂಡು ಅವನ ತಲೆ ತೆಗೆದರು. ಪುಸ್ತಕ ತನ್ನದೇ ಅಂತ ಲಾಕ್ ಒಪ್ಪಿಕೊಂಡದ್ದು 1704ರಲ್ಲಿ, ಸಾಯುವ ಮುನ್ನ, ಉಯಿಲಿನಲ್ಲಿ.