ಡಿಮ್ ಲೈಟ್ ನಿಜಕ್ಕೂ ಡಿಮ್ ಆದಾಗ

ಕಬ್ಬಿನ ಸೀಜನ್ ಶುರುವಾಯಿತು ಅಂದರೆ ನನ್ನ ಗಾಡಿ ವೈರಿಂಗ್ ಅಂಗಡಿಗೆ ಹೆಡ್‌ಲೈಟಿನ ಕೇಸುಗಳು ಸಾಲು ಹಚ್ಚುತ್ತವೆ. ಬಾಗಲಕೋಟೆಯಿಂದ ಕಲಾದಗಿ, ಲೋಕಾಪುರದ ಮೇಲೆ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ ಒಮ್ಮೆ ರಾತ್ರಿ ಹೋಗಿ ನೋಡಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ಹಿಂದೆ ಲೈಟ್ ಇರುವುದಿಲ್ಲ. ರಿಫ್ಲೆಕ್ಟರ್ ಪಟ್ಟಿ ಇದ್ದರೂ ಅದರ ಮೇಲೆ ಕಬ್ಬಿನ ರವದಿ (ಒಣ ಎಲೆ) ಜೋತು ಬಿದ್ದಿರುತ್ತದೆ. ಎದುರಿಗೆ ಇನ್ನೊಂದು ಗಾಡಿ ಬಂತು ಅಂತ ನೀವು ಮರ್ಯಾದೆಯಿಂದ ಡಿಮ್ ಮಾಡುತ್ತೀರಿ. 20 ವರ್ಷದ ಹಳೆಯ ಕಾರಾದರೆ ಅಷ್ಟಕ್ಕೇ ರಸ್ತೆ ಮಾಯ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಕತ್ತಲೆ ಅಂದರೆ 50 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ.

ಹೋದ ಸೀಜನ್ನಿನಲ್ಲಿ ಕಲಾದಗಿ ಕಡೆಯ ದಾಳಿಂಬೆ ತೋಟದ ಕಾಕಾ ಒಬ್ಬರು ತಮ್ಮ ಅಂಬಾಸಡರ್ ತಂದು ನಿಲ್ಲಿಸಿದರು. ಇಳಿಯುವ ಮೊದಲೇ ಆರ್ಡರ್ ಬಂತು.

"ತಮ್ಮಾ, 100 ವ್ಯಾಟಿನ ಬಲ್ಬ್ ಹಾಕಿಬಿಡು. ಎದುರಿಗೆ ಬರಾಂವ ಕಣ್ಣ ಮುಚ್ಚಬೇಕು ನೋಡು."

"ಅಂವ ಕಣ್ಣ ಮುಚ್ಚಿದ್ರ ಸೀದಾ ಬಂದು ನಿಮ್ಮ ಗಾಡಿಗೇ ಗುದ್ದತಾನ್ರಿ ಕಾಕಾ," ಅಂದೆ.

ನಕ್ಕರು, ಆದರೆ ಹಟ ಬಿಡಲಿಲ್ಲ. ಅದಾಗಲೇ ಎರಡು ಸಲ ಬಲ್ಬ್ ಬದಲಿಸಿದ್ದರಂತೆ. ಹೊಸ ಬಲ್ಬ್ ಹಾಕಿದರೂ ಅದೇ ಹಳದಿ, ಅದೇ ಮಂಕು. ಹಂಗಾದರೆ ಬಲ್ಬಿನದು ತಪ್ಪಿಲ್ಲ, ಅಲ್ವಾ? ಬಲ್ಬಿಗೆ ಕರೆಂಟೇ ಸರಿಯಾಗಿ ಮುಟ್ಟುತ್ತಿಲ್ಲ. ಹಳೆಯ ಗಾಡಿಗಳಲ್ಲಿ ನಾನು ಕಾಣುವ ಮಂಕು ಲೈಟುಗಳಲ್ಲಿ ಬಹುಪಾಲಿನ ಕಥೆ ಇದೇ.

ಎಂಜಿನ್ ಚಾಲು ಮಾಡಿಸಿದೆ, ಡಿಮ್ ಲೈಟ್ ಹಚ್ಚಿಸಿದೆ. ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಮೀಟರ್ ಇಟ್ಟಾಗ 13.9 ವೋಲ್ಟ್. ಅಂದರೆ ಚಾರ್ಜಿಂಗ್ ಸರಿ ಇದೆ. ಆಮೇಲೆ ಬಲ್ಬಿನ ಹಿಂಭಾಗಕ್ಕೆ ಸಿಕ್ಕಿಸುವ ವೈರಿನ ಸಾಕೆಟ್, ಅಂದರೆ ಕಪ್ಲರ್ ಹಿಂದೆ, ವೈರ್ ಒಳಗೆ ಹೋಗುವ ಸಂದಿಯಲ್ಲಿ ಮೀಟರಿನ ಮುಳ್ಳು ತೂರಿಸಿದೆ. 11.8 ವೋಲ್ಟ್. ನಡುದಾರಿಯಲ್ಲಿ 2.1 ವೋಲ್ಟ್ ಕಳೆದುಹೋಗಿದೆ.

ಇಲ್ಲಿ ಒಂದು ಮಾತು. ಈ ಅಳತೆ ಮಾಡುವಾಗ ಕಪ್ಲರ್ ಬಲ್ಬಿನಲ್ಲೇ ಇರಬೇಕು, ಬಲ್ಬ್ ಉರಿಯುತ್ತಿರಬೇಕು. ನಮ್ಮವರೇ ಎಷ್ಟೋ ಜನ ಕಪ್ಲರ್ ಕಿತ್ತು ಅಳೆಯುತ್ತಾರೆ. ಆಗ ಕರೆಂಟ್ ಹರಿಯುವುದೇ ಇಲ್ಲ, ಮೀಟರ್ 13 ಚಿಲ್ಲರೆ ತೋರಿಸುತ್ತದೆ. "ವೈರಿಂಗ್ ಓಕೆ, ಬಲ್ಬ್ ಬದಲಿಸ್ರಿ" ಅಂತ ಕಳಿಸಿಬಿಡುತ್ತಾರೆ. ಟೆಸ್ಟ್ ಲ್ಯಾಂಪ್ ಕೂಡ ಹಿಂಗೇ ಮೋಸ ಮಾಡುತ್ತದೆ. ಕಾಕಾಗೆ ತೋಟದ ಭಾಷೆಯಲ್ಲಿ ಹೇಳಿದೆ: ಡ್ರಿಪ್ ಪೈಪಿನಲ್ಲಿ ಅರ್ಧ ಮಣ್ಣು ಕಟ್ಟಿದ್ದರೂ ಬಾಯಿ ಮುಚ್ಚಿ ಹಿಡಿದರೆ ಪ್ರೆಷರ್ ಫುಲ್ ಇರುತ್ತದೆ. ಬಾಯಿ ಬಿಟ್ಟಾಗಲೇ ಬಂಡವಾಳ ಗೊತ್ತಾಗುವುದು.

2 ವೋಲ್ಟ್ ಏನು ಮಹಾ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿನ ಲೆಕ್ಕ ಬೇರೆ. ವೋಲ್ಟೇಜ್ 10 ಪರ್ಸೆಂಟ್ ಇಳಿದರೆ ಬೆಳಕು 10 ಪರ್ಸೆಂಟ್ ಇಳಿಯುವುದಿಲ್ಲ, ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ಕಾಕಾನ ಗಾಡಿಯಲ್ಲಿ ಇಳಿದದ್ದು 15 ಪರ್ಸೆಂಟ್. ಬೆಳಕಿನಲ್ಲಿ 40 ಪರ್ಸೆಂಟಿಗಿಂತ ಜಾಸ್ತಿ ಹೋಗಿತ್ತು. ತಂತಿ ಪೂರ್ತಿ ಬಿಸಿಯಾಗದೆ ಹಳದಿ ಹೊಡೆಯುತ್ತಿತ್ತು.

ಎಲ್ಲಿ ಹೋಯಿತು ಅಂತ ಹುಡುಕುವುದು ಸುಲಭ. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ಥ್ ಪಿನ್ನಿಗೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಪಿನ್ನಿಗೆ. ಲೈಟ್ ಹಚ್ಚಿರುವಾಗ ಅಲ್ಲಿ 0.2 ವೋಲ್ಟಿಗಿಂತ ಕಮ್ಮಿ ಬರಬೇಕು. ಬಂದದ್ದು 0.8. ಉಳಿದ 1.3 ವೋಲ್ಟ್ ಪ್ಲಸ್ ಕಡೆಯ ದಾರಿಯಲ್ಲಿ.

ಅರ್ಥ್ ಮೊದಲು ನೋಡಿ. ಖರ್ಚಿಲ್ಲದ ಕೆಲಸ. ಬಲ್ಬಿನಿಂದ ಬಂದ ಕಪ್ಪು ವೈರು ಹೆಡ್‌ಲೈಟಿನ ಹಿಂದೆಲ್ಲೋ ಗಾಡಿಯ ಬಾಡಿಗೆ ಒಂದು ಬೋಲ್ಟಿನಲ್ಲಿ ಕೂತಿರುತ್ತದೆ. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಚಕ್ರದಿಂದ ಸಿಡಿದು ಅಲ್ಲೇ ಮೆತ್ತಿಕೊಳ್ಳುತ್ತದೆ, ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ತುಕ್ಕು. ಇನ್ನು ಪೇಂಟ್ ಮಾಡಿಸಿದ ಗಾಡಿಯಾದರೆ ಆ ಬೋಲ್ಟಿನ ಬುಡಕ್ಕೂ ಬಣ್ಣ ಹೊಡೆದಿರುತ್ತಾರೆ. ಕಾಕಾನ ಗಾಡಿಯಲ್ಲಿ ಬೋಲ್ಟ್ ಬಿಚ್ಚಿದಾಗ ವೈರಿನ ತುದಿಯ ಲೋಹದ ಥಿಂಬಲ್ ಕೈಯಲ್ಲೇ ಪುಡಿಯಾಯಿತು, ಹಸಿರು ಪುಡಿ. ಬುಡವನ್ನು ಬಿಳಿ ಲೋಹ ಕಾಣುವ ತನಕ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಹೊಸ ಥಿಂಬಲ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಅಷ್ಟಕ್ಕೇ ಅರ್ಧ ವೋಲ್ಟಿನ ಮೇಲೆ ವಾಪಸ್ ಬಂತು. ಕಾಕಾ ಬಾಗಿ ನೋಡಿ, "ಇಷ್ಟಕ್ಕ ಎರಡು ಜೋಡಿ ಬಲ್ಬಿನ ರೊಕ್ಕಾ ಹೋತಲ್ಲೋ" ಅಂದರು.

ಪ್ಲಸ್ ಕಡೆಯದು ಸ್ವಲ್ಪ ಉದ್ದದ ಕಥೆ. ಅನೇಕ ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟ್ ಬ್ಯಾಟರಿಯಿಂದ ಸೀದಾ ಬಲ್ಬಿಗೆ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ತನಕ ಬಂದು, ಲೈಟ್ ಸ್ವಿಚ್ ಹೊಕ್ಕು, ಡಿಮ್-ಬ್ರೈಟ್ ಮಾಡುವ ಡಿಪ್ಪರ್ ಸ್ವಿಚ್ ಹೊಕ್ಕು, ಮತ್ತೆ ಮುಂದಕ್ಕೆ ಹೋಗುತ್ತದೆ. ಎರಡು 55 ವ್ಯಾಟಿನ ಬಲ್ಬಿಗೆ 9 ಆಂಪಿಯರ್ ಚಿಲ್ಲರೆ. 20 ವರ್ಷ ಆ 9 ಆಂಪಿಯರ್ ಹರಿದು ಸ್ವಿಚ್ಚಿನ ಪಾಯಿಂಟ್‌ಗಳು ಕರಕಾಗಿರುತ್ತವೆ. ರಾತ್ರಿ ಓಡಿಸುವಾಗ ಸ್ವಿಚ್ ಮುಟ್ಟಿದರೆ ಬಿಸಿ ಹತ್ತುತ್ತದೆ ಅಂದರೆ ನಿಮ್ಮ ಬೆಳಕು ಅಲ್ಲಿ ಸುಡುತ್ತಿದೆ ಅಂತಲೇ ತಿಳಿಯಿರಿ.

ಇದಕ್ಕೆ ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್. ಬ್ಯಾಟರಿ ಪ್ಲಸ್ಸಿನಿಂದ 2.5 ಚದರ ಎಂಎಂ ವೈರ್ ಎಳೆದು ರಿಲೇಯ 30ನೇ ನಂಬರ್ ಪಿನ್ನಿಗೆ ಕೊಡಬೇಕು. 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರ್ 86ಕ್ಕೆ, 85 ಗಾಡಿಯ ಬಾಡಿಗೆ. ಇನ್ನು ಮೇಲೆ ಹಳೆಯ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಳೆಯುವಷ್ಟು ಕರೆಂಟ್ ಮಾತ್ರ, ಕಾಲು ಆಂಪಿಯರ್ ಕೂಡ ಇಲ್ಲ. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು, ಹೀಗೆ ಎರಡು ರಿಲೇ. ಪಿನ್ನುಗಳು ಕೆಳಮುಖವಾಗಿರಲಿ, ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವೆ ಉದ್ದ ವೈರ್ ಬಿಟ್ಟರೆ, ಅದು ಎಲ್ಲಾದರೂ ಬಾಡಿಗೆ ಉಜ್ಜಿದ ದಿನ ಗಾಡಿಗೆ ಬೆಂಕಿ. ನಾನು ಎರಡೂ ಲೈಟಿಗೆ ಒಂದೇ ಫ್ಯೂಸ್ ಹಾಕುವುದಿಲ್ಲ. ಹೋದರೆ ಒಂದೇ ಕಣ್ಣು ಹೋಗಲಿ, ಎರಡೂ ಒಟ್ಟಿಗೆ ಹೋಗಿ ಕತ್ತಲಾಗುವುದು ಬೇಡ. ಒಂದೊಂದಕ್ಕೆ 10 ಆಂಪಿಯರ್ ಸಾಕು. ಕಪ್ಲರ್ ಬದಲಿಸುವುದಾದರೆ ಪಿಂಗಾಣಿಯದು ಹಾಕಿಸಿ, ಪ್ಲಾಸ್ಟಿಕ್ಕಿನ ಹಾಗೆ ಕರಗುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಜಪಾನ್ ಡಿಸೈನಿನ ಕೆಲವು ಹಳೆಯ ಗಾಡಿಗಳಲ್ಲಿ ವೈರಿಂಗ್ ಉಲ್ಟಾ. ಬಲ್ಬಿಗೆ ಪ್ಲಸ್ ಸೀದಾ ಬಂದಿರುತ್ತದೆ, ಡಿಪ್ಪರ್ ಸ್ವಿಚ್ ಮೈನಸ್ ಕಡೆ ಇರುತ್ತದೆ. ಅಲ್ಲಿ ಮೇಲಿನ ಪಾಠ ಹಾಗೇ ನಡೆಯುವುದಿಲ್ಲ. ವೈರ್ ಕತ್ತರಿಸುವ ಮೊದಲು ಮೀಟರ್ ಹಿಡಿದು ಯಾವ ಪಿನ್ನಿನಲ್ಲಿ ಏನಿದೆ ನೋಡಿಕೊಳ್ಳಿ.

ಸಂಜೆಗೆ ಕಾಕಾನ ಬಲ್ಬಿನ ಹಿಂದೆ 13.5 ವೋಲ್ಟ್ ಬಂತು. ಅದೇ ಬಲ್ಬು, ಬೆಳಕು ಒಂದೂವರೆ ಪಟ್ಟು. ಹದಿನೈದು ದಿನಕ್ಕೆ ಕಾಕಾ ಮತ್ತೆ ಬಂದರು, ಬೇರೆಯದೇ ತಕರಾರು: "ಮೊದಲ ಗುಂಡಿ ಕಾಣತಿದ್ದಿಲ್ಲ, ಆರಾಮ ಹೋಗತಿದ್ದೆ. ಈಗ ಎಲ್ಲಾ ಕಾಣಸ್ತಾವ ನೋಡು."

ಈಗ ಆ 100 ವ್ಯಾಟಿನ ಬಲ್ಬಿನ ವಿಷಯ. ಕಂಪನಿ ಗಾಡಿಗೆ ಕೊಟ್ಟ ಎಚ್4 ಬಲ್ಬು (ಬ್ರೈಟ್, ಡಿಮ್ ಎರಡೂ ತಂತಿ ಒಂದರಲ್ಲೇ ಇರುವಂಥದ್ದು) 60/55 ವ್ಯಾಟಿನದು, ಬ್ರೈಟಿಗೆ 60, ಡಿಮ್ಮಿಗೆ 55. ಅಂಗಡಿಯಲ್ಲಿ ಸಿಗುವ 100/90ರದ್ದು ಹಾಕಿದರೆ ಡಿಮ್‌ನಲ್ಲಿ 9ರ ಜಾಗದಲ್ಲಿ 15 ಆಂಪಿಯರ್ ಎಳೆಯುತ್ತದೆ. ದಾರಿ ಮಾತ್ರ ಅದೇ ತುಕ್ಕು ಹಿಡಿದ ದಾರಿ. 2 ವೋಲ್ಟ್ ಬೀಳುತ್ತಿದ್ದ ಕಡೆ 3 ವೋಲ್ಟ್ ಹತ್ತಿರ ಬೀಳುತ್ತದೆ. ಅಂದರೆ ಹೆಚ್ಚಿಗೆ ಎಳೆದ ಕರೆಂಟಿನ ದೊಡ್ಡ ಪಾಲು ಸ್ವಿಚ್ಚನ್ನೂ ಕಪ್ಲರನ್ನೂ ಬೇಯಿಸಲಿಕ್ಕೆ ಹೋಗುತ್ತದೆ. ನನ್ನ ಟೇಬಲ್ಲಿನ ಡ್ರಾದಲ್ಲಿ ಕರಗಿದ ಕಪ್ಲರ್‌ಗಳ ಒಂದು ಡಬ್ಬಿಯೇ ಇದೆ. ಹಟ ಮಾಡುವವರಿಗೆ ಸುಮ್ನೆ ಅದನ್ನು ತೆಗೆದು ತೋರಿಸುತ್ತೇನೆ.

ಎಲ್‌ಇಡಿ ಬಲ್ಬ್ ಹಾಕಿಸಿಕೊಳ್ಳುವವರು ಈಗ ಇನ್ನೂ ಜಾಸ್ತಿ. ಅದನ್ನು ಹಾಕಿಸಿಕೊಂಡವರು "ಭಾರಿ ಬೆಳಕು" ಅನ್ನುತ್ತಾರೆ, ಎದುರಿನವರು ಬೈಯುತ್ತಾರೆ. ಯಾಕೆ ಅಂದರೆ ಎಚ್4 ಬಲ್ಬಿನೊಳಗೆ ಡಿಮ್ ತಂತಿಯ ಕೆಳಗೆ ಒಂದು ಸಣ್ಣ ಬಟ್ಟಲು ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ಅದು ತಡೆಯುತ್ತದೆ. ಅದರಿಂದಲೇ ಗೋಡೆಯ ಮೇಲೆ ಬೆಳಕಿಗೆ ಅಷ್ಟು ನೀಟಾದ ಗೆರೆ ಬರುವುದು. ರಿಫ್ಲೆಕ್ಟರ್ ಮಾಡಿರುವುದೇ ಆ ತಂತಿಯ ಜಾಗ ನೋಡಿ. ಎಲ್‌ಇಡಿಯ ಬೆಳಗುವ ಚಿಪ್ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಗೆರೆ ಒಡೆದು ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಚೆಲ್ಲಿದ ಬೆಳಕು ರಸ್ತೆಗೂ ಬರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದನ್ನೇ ಹೇಳುತ್ತದೆ: 8 ಮೀಟರ್ ಮುಂದೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಲೈಟ್ ಕುಕ್ಕಬಾರದು. ಎಲ್‌ಇಡಿಗಾಗಿಯೇ ಮಾಡಿದ ಲ್ಯಾಂಪ್ ಬೇರೆ ವಿಷಯ, ಅದರ ಮೇಲೆ ನನಗೆ ಸಿಟ್ಟಿಲ್ಲ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಅಂತೂ ಬೇಡವೇ ಬೇಡ. ಆ ಬಣ್ಣ ಬೆಳಕನ್ನೇ ತಿನ್ನುತ್ತದೆ.

ಆ ಬಟ್ಟಲಿನಿಂದ ಇನ್ನೊಂದು ಗುಟ್ಟೂ ಗೊತ್ತಾಗುತ್ತದೆ. ಡಿಮ್ ಲೈಟಿಗೆ ಸಿಗುವುದು ರಿಫ್ಲೆಕ್ಟರಿನ ಮೇಲಿನ ಅರ್ಧ ಮಾತ್ರ. ಬಲ್ಬಿನ ಬಿಸಿ ಏರಿ ಮೊದಲು ಕಪ್ಪಾಗುವುದೂ ಅದೇ ಅರ್ಧ. "ಬ್ರೈಟ್ ಛಲೋ ಐತಿ, ಡಿಮ್ ಒಂದ ಇಲ್ರಿ" ಅಂತ ಯಾರಾದರೂ ಬಂದರೆ, ವೋಲ್ಟೇಜ್ ಸರಿ ಇದ್ದ ಪಕ್ಷದಲ್ಲಿ, ನಾನು ಬಲ್ಬ್ ತೆಗೆದು ಟಾರ್ಚ್ ಬಿಟ್ಟು ಮೇಲಿನ ಭಾಗ ನೋಡುತ್ತೇನೆ. ಕನ್ನಡಿಯಂತೆ ಹೊಳೆಯಬೇಕು. ಬೂದಿಯಂತೆ ಕಂಡರೆ ಡೂಮ್, ಅಂದರೆ ರಿಫ್ಲೆಕ್ಟರ್ ಇರುವ ಹೆಡ್‌ಲೈಟನ್ನೇ ಬದಲಿಸುವುದು ದಾರಿ.

ಒರೆಸಲು ಮಾತ್ರ ಹೋಗಬೇಡಿ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಗಾಡಿಯ ರಿಫ್ಲೆಕ್ಟರನ್ನು ಒದ್ದೆ ಬಟ್ಟೆಯಲ್ಲಿ ಶ್ರದ್ಧೆಯಿಂದ ತಿಕ್ಕಿದ್ದೆ. ಹೊಳಪೆಲ್ಲ ಬಟ್ಟೆಗೆ ಬಂತು. ಅದು ಕೂದಲಿಗಿಂತ ಎಷ್ಟೋ ತೆಳ್ಳನೆಯ ಅಲ್ಯೂಮಿನಿಯಂ ಲೇಪ ಅಂತ ಆಗ ಗೊತ್ತಿರಲಿಲ್ಲ. ಆ ಡೂಮಿನ ದುಡ್ಡು ನನ್ನ ಪಗಾರದಲ್ಲಿ ಮುರಿದುಕೊಂಡರು. ಸಿಲ್ವರ್ ಪೇಂಟ್ ಹೊಡೆಯುವವರೂ ಇದ್ದಾರೆ. ಹೊಳೆದಂತೆ ಕಾಣುತ್ತದೆ, ಬೆಳಕನ್ನು ಮಾತ್ರ ಸರಿಯಾದ ಕಡೆ ಕಳಿಸುವುದಿಲ್ಲ.

ಹೊರಗಿನದು ಗಾಜಾದರೆ ತೊಳೆದರೆ ಮುಗಿಯಿತು. ಆಮೇಲಿನ ಗಾಡಿಗಳಲ್ಲಿ ಗಾಜಲ್ಲ, ಪಾಲಿಕಾರ್ಬೊನೇಟ್. ನಮ್ಮ ಬಿಸಿಲಿಗೆ ಅದು ಹಳದಿಯಾಗುತ್ತದೆ. ಟೂತ್‌ಪೇಸ್ಟ್ ತಿಕ್ಕಿದರೆ ನಾಲ್ಕು ದಿನ ಚೆಂದ. ಸರಿಯಾಗಿ ಮಾಡುವುದಾದರೆ ನೀರು ಹಾಕುತ್ತ 800ರ ವಾಟರ್ ಪೇಪರಿನಿಂದ ಶುರು ಮಾಡಿ 1500, 2000 ಅಂತ ನಯ ಮಾಡಿ, ಪಾಲಿಶ್ ಕೊಟ್ಟು, ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಇಷ್ಟೆಲ್ಲ ಆದ ಮೇಲೆ ಲೈಟಿನ ನೇರ ನೋಡಬೇಕು. ಸಮ ನೆಲ, ಗೋಡೆಯಿಂದ 25 ಅಡಿ. ಚಕ್ರದ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಬಲ್ಬಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಡಿಮ್ ಬೆಳಕಿನ ಅಂಚು ಆ ಗೆರೆಗಿಂತ 3 ಇಂಚು ಕೆಳಗೆ ಬರಬೇಕು. ನಾವು ಎಡಗಡೆ ಓಡಿಸುವವರು, ಹಾಗಾಗಿ ಎಡಕ್ಕೆ ಅಂಚು ಸ್ವಲ್ಪ ಮೇಲೇರುತ್ತದೆ, ಅದು ಸರಿ. 3 ಇಂಚಿನ ಬದಲು 6 ಇಂಚು ಇಳಿದಿದ್ದರೆ 65 ಮೀಟರ್ ಹೋಗಬೇಕಾದ ಬೆಳಕು 32 ಮೀಟರಿಗೇ ನೆಲ ಮುಟ್ಟುತ್ತದೆ. ಒಬ್ಬರ ಗಾಡಿಯಲ್ಲಿ ನಾನು ಸ್ಪ್ಯಾನರ್ ಮುಟ್ಟಲೇ ಇಲ್ಲ. ಸ್ಟೀರಿಂಗ್ ಪಕ್ಕದಲ್ಲಿ 0ರಿಂದ 3ರ ತನಕ ನಂಬರ್ ಇರುವ ಸಣ್ಣ ಗಾಲಿಯೊಂದು ಇರುತ್ತದಲ್ಲ, ಹಿಂದೆ ಲೋಡ್ ಇದ್ದಾಗ ಲೈಟ್ ಇಳಿಸಲಿಕ್ಕೆ, ಅದು 3ರಲ್ಲಿ ನಿಂತಿತ್ತು. 0ಗೆ ತಿರುಗಿಸಿ ಕಳಿಸಿದೆ.

ಕೆಲಸ ಯಾರ ಹತ್ತಿರ ಮಾಡಿಸಿದರೂ ಬಲ್ಬಿನ ಹಿಂದಿನ ವೋಲ್ಟೇಜ್ ನಿಮ್ಮ ಎದುರಿಗೇ ಅಳೆಯಲು ಹೇಳಿ, ಕೆಲಸಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಮೀಟರೇ ಇಲ್ಲ ಅನ್ನುವವರ ಹತ್ತಿರ ವೈರಿಂಗ್ ಬಿಚ್ಚಿಸಬೇಡಿ.

ಹೋದ ತಿಂಗಳು ಇಳಕಲ್ಲಿನಿಂದ ಒಬ್ಬ ರಿಟೈರ್ಡ್ ಮಾಸ್ತರ್ ಬಂದಿದ್ದರು. ಡಿಮ್‌ನಲ್ಲಿ ಏನೂ ಕಾಣುವುದಿಲ್ಲ ಅಂತ ದೂರು. ಅಳೆದೆ, 13.4 ವೋಲ್ಟ್. ರಿಫ್ಲೆಕ್ಟರ್ ಸರಿ, ಗಾಜು ಸರಿ, ಗೋಡೆಯ ಮೇಲೆ ಗೆರೆಯೂ ಸರಿ. ಕತ್ತಲಾದ ಮೇಲೆ ನಾನೇ ಗದ್ದನಕೇರಿ ಕ್ರಾಸ್ ತನಕ ಓಡಿಸಿಕೊಂಡು ಹೋಗಿ ಬಂದೆ, ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಬಿಲ್ ಮಾಡಲಿಲ್ಲ. "ಸರ, ಒಂದ್ಸಲ ಕಣ್ಣ ತೋರಿಸ್ಕೊಂಡ ಬರ್ರಿ" ಅಂದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತಂತೆ.